ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುವ ಬೋಟು

ಓದುತ್ತಿರುವ ಅಕ್ಕ ಅಣ್ಣಂದಿರಿಗೆಲ್ಲ ಶರಣು. ನಾನು ಶಾಲೆ ಕಲಿತದ್ದು ತಡವಾಗಿ, ಟೈಪು ಮಾಡುವುದು ಕಲಿತದ್ದು ಅದಕ್ಕಿಂತ ತಡವಾಗಿ. ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ಈಗೀಗ ನೆಲದ ಮೇಲೆ ನಿಂತರೂ ನನ್ನ ಸೊಂಟ ತಾನಾಗಿ ಆಚೆ ಈಚೆ ಸರಿಯುತ್ತದೆ. ಖಾನಾಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಪಕ್ಕದವರು ಮೂಗು ಎಳೆದು ವಾಸನೆ ನೋಡಿ ದೂರ ಸರಿಯುತ್ತಾರೆ. ಕುಡಿದಿಲ್ಲ ಸ್ವಾಮಿ, ಬೋಟು ಓಡಿಸುತ್ತೇನೆ.

ಕಾಡಿನ ಬದಿಯ ಹಿನ್ನೀರಿನಲ್ಲಿ ನಮ್ಮ ಸಾವ್ಕಾರರು ಪ್ರವಾಸಿಗರಿಗೆಂದು ಬೋಟು ಇಟ್ಟಿದ್ದಾರೆ. ಮೊದಲಿದ್ದದ್ದು ಚಪ್ಪಟೆ ತಳದ್ದು, ಎಮ್ಮೆಯಂಥದ್ದು. ಎಷ್ಟು ಬೈದರೂ ತನ್ನ ನಡಿಗೆ ಬಿಡುತ್ತಿರಲಿಲ್ಲ. ಅದನ್ನು ವರ್ಷಗಟ್ಟಲೆ ಓಡಿಸಿದೆ. ಕಳೆದ ಬೇಸಿಗೆಯಲ್ಲಿ ಹೊಸದು ಬಂತು. ತಳ ಚೂಪು, ಹಿಂದೆ ನೇತುಹಾಕಿದ ದೊಡ್ಡ ಎಂಜಿನ್ನು. ಮೆಲ್ಲಗೆ ಹೋದರೆ ಇದರಷ್ಟು ಸಾಧು ಬೇರೆ ಇಲ್ಲ. ರೇಸ್ ಏರಿಸಿದರೆ ಮೂತಿ ಮೇಲೆತ್ತುತ್ತದೆ, ಮೈಯೆಲ್ಲ ನೀರಿನಿಂದ ಎದ್ದು ಹಿಂದಿನ ಗೇಣಗಲ ತಳದ ಮೇಲೆ ನಿಲ್ಲುತ್ತದೆ. ನೀರೊಳಗೆ ಎಂಜಿನ್ನಿನ ಪಂಖ ಒಂದು ಕಡೆ ತಿರುಗಿದರೆ ಬೋಟು ಇನ್ನೊಂದು ಕಡೆ ಒರಗಲು ನೋಡುತ್ತದೆ. ಎಡಕ್ಕೆ ಒರಗಿ, ನೀರಿನ ಪೆಟ್ಟು ತಿಂದು ಬಲಕ್ಕೆ ಹಾರಿ, ಮತ್ತೆ ಎಡಕ್ಕೆ. ಪ್ರತಿ ಸಲವೂ ಹಿಂದಿನದಕ್ಕಿಂತ ಜೋರು. ಹಾಗೇ ಬಿಟ್ಟರೆ ಮಗುಚುತ್ತದೆ.

ನಾನು ಸುಮ್ಮನೆ ಬಿಡುವವನಲ್ಲ. ಎಡಕ್ಕೆ ಹೋದರೆ ಸ್ಟೇರಿಂಗ್ ಬಲಕ್ಕೆ ಜಗ್ಗಿದೆ, ಬಲಕ್ಕೆ ಹೋದರೆ ಎಡಕ್ಕೆ ಜಗ್ಗಿದೆ. ನಾನು ಜಗ್ಗಿದಷ್ಟೂ ಅದು ಕುಣಿಯಿತು. ಸಂಜೆ ಹೊತ್ತಿಗೆ ರಟ್ಟೆ ಬಿದ್ದುಹೋಗುತ್ತಿದ್ದವು, ಊಟದ ತುತ್ತು ಎತ್ತಲೂ ಬೇಸರ. ಒಬ್ಬ ಅಜ್ಜಿಯಂತೂ ದಂಡೆಗೆ ಇಳಿದವಳೇ ನೆಲ ಮುಟ್ಟಿ ನಮಸ್ಕಾರ ಮಾಡಿ, ನನ್ನ ಕಡೆ ತಿರುಗಿ, "ನಿನ್ನ ಕೈಗುಣ ಭಾಳ ಛಲೋ ಐತಪಾ, ದೇವರೆಲ್ಲಾ ನೆನಪಾದ್ರು" ಅಂದಳು.

ಅದು ಸಾವ್ಕಾರರ ಕಿವಿಗೆ ಬಿತ್ತು.

"ಬಸಪ್ಪಾ, ಮಳಿ ನಿಂತ ಮ್ಯಾಲ ನಮ್ಮ ಬೀಗರನ್ನ ಕರ್ಕೊಂಡು ನಾನ ಬಂದು ಕುಂದರ್ತೇನಿ. ಆವಾಗೂ ಹಿಂಗ ಅಲ್ಲಾಡಿತಂದ್ರ ಗೋವಾದಾಂವ ಒಬ್ಬಾಂವ ಅದಾನ, ಅವನ್ನ ಕರಸ್ತೇನಿ. ನೀ ದಂಡಿ ಮ್ಯಾಲ ಕುಂತು ಟಿಕೀಟು ಹರಿ."

ಟಿಕೀಟು ಹರಿಯುವುದೇನು ಕೀಳು ಕೆಲಸವಲ್ಲ. ನೆರಳಿರುತ್ತದೆ, ಕುರ್ಚಿ ಇರುತ್ತದೆ. ಆದರೆ ಇಷ್ಟು ವರ್ಷ ನೀರಿನ ಮೇಲಿದ್ದವನು ದಂಡೆಯಲ್ಲಿ ಕುಳಿತು ಇನ್ನೊಬ್ಬನ ಬೆನ್ನು ನೋಡುವುದಿದೆಯಲ್ಲ, ಅದನ್ನು ನೆನೆದರೇ ನನಗೆ ಸಾಕಾಗುತ್ತಿತ್ತು.

ನನ್ನ ಮೊದಲ ಉಪಾಯ ಚಕ್ಕಡಿಯದು. ಹರೆಯದಲ್ಲಿ ಎತ್ತು ಹೂಡಿ ಚಕ್ಕಡಿ ಹೊಡೆದವನು ನಾನು. ಚಕ್ಕಡಿ ಒಂದು ಬಾಜು ವಾಲಿದರೆ ಹೇರು ಸರಿಸಿ ಕಟ್ಟಬೇಕು, ಅಷ್ಟೇ ಶಾಸ್ತ್ರ. ಬೋಟು ಮೊದಲು ಎಡಕ್ಕೆ ಒರಗುತ್ತದಲ್ಲ ಎಂದು ಉಸುಕಿನ ಚೀಲ ತಂದು ಬಲಕ್ಕೆ ಪೇರಿಸಿದೆ. ಮೆಲ್ಲಗೆ ಹೋಗುವಾಗ ಬಲಕ್ಕೆ ವಾಲಿಕೊಂಡು ಹೋಯಿತು. ಜೋರು ಹೋದಾಗ ಮೊದಲಿನ ಹಾಗೇ ಎರಡೂ ಕಡೆ ಕುಣಿಯಿತು, ಜೊತೆಗೆ ಚೀಲಗಳೂ ಕುಣಿದವು. ಸಾವ್ಕಾರರು ದಂಡೆಯಿಂದಲೇ ಕೂಗಿದರು: "ಏನಲೇ, ಹೊಲಕ್ಕ ಗೊಬ್ಬರಾ ಹೇರ್ಕೊಂಡು ಹೊಂಟೀಯೇನು?"

ಎರಡನೆಯ ಉಪಾಯ ಬೆಳಗಾವಿಯದು. ರಾಮತೀರ್ಥ ನಗರದ ಕಡೆ ಎಂಜಿನ್ನು ರಿಪೇರಿ ಮಾಡುವ ಮಿಸ್ತ್ರಿಯನ್ನು ಕಾಡಿ ಬೇಡಿ ಕರೆತಂದೆ. ಅವನು ಸ್ಟೇರಿಂಗ್ ಹಿಡಿದು ಆಚೆ ಈಚೆ ಆಡಿಸಿ ನಕ್ಕ. "ಕಾಕಾ, ಕೇಬಲ್ ಸಡ್ಲ ಆಗೇತಿ. ನೀವು ತಿರುವಿದ್ದು ಎಂಜಿನ್ನಿಗೆ ಮುಟ್ಟೂದರಾಗ ಬೋಟು ಮತ್ತೊಂದು ಬಾಜು ಹೋಗಿರತೈತಿ, ಖರೇ ಹೌದಿಲ್ರಿ?" ಕೇಬಲ್ ಬಿಗಿ ಮಾಡಿಕೊಟ್ಟ. ಕುಣಿತ ಅರ್ಧ ಕಡಿಮೆಯಾಯಿತು. ಉಳಿದರ್ಧಕ್ಕೆ ಕಾರಣ ಸ್ಟೇರಿಂಗಿನ ಹಿಂದೆ ಕುಳಿತವನು ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ. ಮರ್ಯಾದೆಯ ಮನುಷ್ಯ.

ಮಳೆ ಹಿಡಿಯಿತು, ಬೋಟು ದಂಡೆಗೆ ಬಂತು, ನಾನು ನಮ್ಮೂರು ಗುಂಜಿಯ ಮನೆಗೆ ಬಂದೆ. ನಮ್ಮ ಕಡೆ ಪಂಚಮಿಗೆ ಹೆಂಗಸರು ಜೋಕಾಲಿ ಆಡುತ್ತಾರೆ, ನಿಮಗೆ ಗೊತ್ತೇ ಇದೆ. ಮಳೆ ಬಿಡುವು ಕೊಟ್ಟಾಗ ನನ್ನ ಹೆಂಡತಿ ಗಂಗವ್ವ ಮನೆ ಮುಂದಿನ ಮರದ ಜೋಕಾಲಿ ಹತ್ತಿದಳು. ತೂಗಿ ತೂಗಿ ಅವಳಿಗೆ ತಲೆ ತಿರುಗಿತು, ನಿಲ್ಲಿಸಿ ಎಂದಳು. ನಾನು ಹಿಂದೆ ನಿಂತು ಹಿಡಿಯಲು ಹೋದೆ. ಜೋಕಾಲಿ ಹಿಂದಕ್ಕೆ ಬರುವಾಗ ನನ್ನ ಕೈ ಇನ್ನೂ ಹೊರಟಿರಲಿಲ್ಲ. ಕೈ ಮುಟ್ಟುವ ಹೊತ್ತಿಗೆ ಜೋಕಾಲಿ ಮುಂದಕ್ಕೆ ಹೊರಟಿತ್ತು.

"ಅಯ್ಯ ನಿಮ್ಮ! ನಿಲ್ಲಸ್ರಿ ಅಂದ್ರ ದೂಡಾಕತ್ತೀರಲ್ರಿ! ನನ್ನ ಹಾರಿಸಿ ಕಣಕುಂಬಿ ಊರಿಗೆ ಮುಟ್ಟಸ್ಬೇಕಂತ ಮಾಡೀರೇನು?"

ನಾನು ಕೈ ಹಿಂದೆಗೆದೆ. ಅವಳು ಬೈಯುತ್ತಲೇ ಕಾಲು ಕೆಳಗೆ ಬಿಟ್ಟು ತಾನೇ ನಿಲ್ಲಿಸಿಕೊಂಡಳು. ನನ್ನ ವಯಸ್ಸಿನ ಅರ್ಧದಷ್ಟೂ ಇಲ್ಲದವರ ಜೊತೆ ಹತ್ತನೆಯ ಇಯತ್ತೆಯಲ್ಲಿ ಕುಳಿತಾಗ ವಿಜ್ಞಾನದ ಮಾಸ್ತರರು ದಾರಕ್ಕೆ ಕಲ್ಲು ಕಟ್ಟಿ ತೂಗಿ ತೋರಿಸಿದ್ದರು: ತೂಗುವುದನ್ನು ಅದರ ಹೊತ್ತಿಗೆ ಸರಿಯಾಗಿ ಮುಟ್ಟಿದರೆ ಸಣ್ಣ ನೂಕೂ ದೊಡ್ಡದಾಗುತ್ತದೆ. ಪರೀಕ್ಷೆಯಲ್ಲಿ ಅದನ್ನು ಬರೆದು ಪಾಸಾದೆ. ಬೋಟಿನಲ್ಲಿ ನಾನು ದಿನವೂ ಮಾಡಿದ್ದು ಅದನ್ನೇ ಎಂದು ಹೆಂಡತಿಯ ಕೈಲಿ ಬೈಸಿಕೊಂಡ ಮೇಲೆ ಹೊಳೆಯಿತು. ನನ್ನ ರಟ್ಟೆಯ ಬಲವೆಲ್ಲ ತಡವಾಗಿ ಹೋಗಿ ಬೋಟಿನ ಕಡೆಯೇ ಸೇರುತ್ತಿತ್ತು.

ಮಳೆ ನಿಂತಿತು. ಸಾವ್ಕಾರರು ಬರುವ ಮುಂಚೆ ಖಾಲಿ ಬೋಟಿನಲ್ಲಿ ಅಭ್ಯಾಸ ಮಾಡಿದೆ. ರೇಸ್ ಸ್ವಲ್ಪ ಸ್ವಲ್ಪವೇ ಏರಿಸುವುದು, ಮೊದಲ ನಡುಕ ಕಣ್ಣಿಗೆ ಕಾಣುವ ಮುಂಚೆ ಸೊಂಟಕ್ಕೆ ಗೊತ್ತಾಗುತ್ತದೆ, ಆಗಲೇ ಸ್ಟೇರಿಂಗನ್ನು ಕೂದಲೆಳೆಯಷ್ಟು ತಿರುವಿ ಹಿಡಿಯುವುದು. ಪಂಖವಿರುವ ಎಂಜಿನ್ನಿನ ಬಾಲವನ್ನು ಬಟನ್ ಒತ್ತಿ ಬೋಟಿನ ಕಡೆಗೆ ತುಸು ಒಳಗೆ ತಂದರೆ ಮೂತಿ ಇಳಿದು ತಳ ನೀರು ಹಿಡಿಯುತ್ತದೆ. ಆದರೂ ಕುಣಿತ ಎದ್ದರೆ ಅದರ ಜೊತೆ ಗುದ್ದಾಡದೆ ರೇಸ್ ಮೆಲ್ಲಗೆ ಇಳಿಸುವುದು. ಒಮ್ಮೆಲೇ ಬಿಟ್ಟರೆ ಕುಳಿತವರು ಮುಂದಕ್ಕೆ ಮುಗ್ಗರಿಸುತ್ತಾರೆ.

ಆ ದಿನ ಸಾವ್ಕಾರರು ನನ್ನ ಬಾಜು ಕುಳಿತರು, ಬೀಗರು ಹಿಂದೆ, ಎಲ್ಲರೂ ತೇಲುವ ಜಾಕೆಟ್ಟು ಕಟ್ಟಿಕೊಂಡು. ನಡುನೀರಿಗೆ ಬಂದೆವು. ರೇಸ್ ಏರಿಸಿದೆ. ಸೊಂಟಕ್ಕೆ ನಡುಕ ಬಂತು, ಸ್ಟೇರಿಂಗ್ ತುಸು ತಿರುವಿದೆ, ಅಡಗಿತು. ಮತ್ತೆ ಏರಿಸಿದೆ, ಮತ್ತೆ ಬಂತು. ಈ ಸಲ ಅಡಗಲು ತಡ ಮಾಡಿತು. ರೇಸ್ ಒಂದಿಷ್ಟು ಇಳಿಸಿ ಅಲ್ಲೇ ಹಿಡಿದೆ. ಬೋಟು ಬಾಣದ ಹಾಗೆ ಹೊರಟಿತು.

"ಇನ್ನಾ ಓಡಸೋ! ಎಂಜಿನ್ನಿಗೆ ಇನ್ನಾ ದಮ್ಮೈತಿ!"

"ಎಂಜಿನ್ನಿಗೆ ಐತ್ರಿ ಸಾವ್ಕಾರ್ರ, ನನಗಿಲ್ಲ. ಮಂದೀನ್ನ ಕುಂಡ್ರಿಸ್ಕೊಂಡು ಇದಕ್ಕಿಂತ ಜೋರ ನಾ ಓಡಸಂಗಿಲ್ರಿ. ಬೇಕಾರ ಗೋವಾದಾಂವನ್ನ ಕರಸ್ರಿ."

ಇಷ್ಟು ವರ್ಷದಲ್ಲಿ ಅವರಿಗೆ ನಾನು ಇಲ್ಲ ಅಂದದ್ದು ಅದೇ ಮೊದಲು. ಧೈರ್ಯ ಅಂದುಕೊಳ್ಳಬೇಡಿ, ದಣಿವು. ಸಾವ್ಕಾರರ ಮುಖ ಕೆಂಪಾಯಿತು. ಅಷ್ಟರಲ್ಲಿ ಬೀಗರು ಎರಡೂ ಕೈಯಿಂದ ಟೊಪ್ಪಿಗೆ ಒತ್ತಿ ಹಿಡಿದು, "ಸಾಕ್ ಬಿಡ್ರಿ ಬೀಗರ, ನಾ ಮನ್ಯಾಗ ಹೇಳಿ ಬಂದಿಲ್ಲ!" ಎಂದು ಕೂಗಿದರು.

ದಂಡೆಗೆ ಬಂದ ಮೇಲೆ ಸಾವ್ಕಾರರು ಬಹಳ ಹೊತ್ತು ಪಂಚೆಯ ನೀರು ಹಿಂಡಿದರು. ಆಮೇಲೆ ನನ್ನ ಮುಖ ನೋಡದೆ, "ನಾಳೆ ಲಗೂನ ಬಾ. ಸೀಟು ಒರಸಬೇಕು," ಅಂದರು. ಗೋವಾದವನ ಹೆಸರು ಮತ್ತೆ ಬರಲಿಲ್ಲ.

ಕುಣಿತವನ್ನು ನಾನು ಗೆದ್ದೆ ಎಂದು ಹೇಳಲಾರೆ. ರೇಸಿನ ಹಿಡಿಕೆಯನ್ನು ಇನ್ನೊಂದು ಬೆರಳು ಮುಂದೆ ತಳ್ಳಿದರೆ ಅದು ಅಲ್ಲೇ ಕಾದಿದೆ. ಅದು ಎಲ್ಲಿ ಶುರುವಾಗುತ್ತದೆ ಎಂಬುದಷ್ಟೇ ನನಗೆ ಗೊತ್ತಾಗಿದೆ. ಈಗಲೂ ಸಂಜೆಗೆ ದಣಿಯುತ್ತೇನೆ, ಆದರೆ ತುತ್ತು ಎತ್ತುವಷ್ಟು ರಟ್ಟೆ ಉಳಿದಿರುತ್ತದೆ.

ಬಾಜುವಿನಿಂದ ಗಾಳಿ ಬೀಸುವಾಗ ಜೋರಿನಲ್ಲಿ ಎಡಕ್ಕೆ ತಿರುಗುವುದಿದೆಯಲ್ಲ, ಅದು ಮಾತ್ರ ನನಗಿನ್ನೂ ಬಗೆಹರಿದಿಲ್ಲ. ನಿಮ್ಮಲ್ಲಿ ಯಾರಾದರೂ ಇಂಥ ಬೋಟು ಓಡಿಸಿದ್ದರೆ, ಅಥವಾ ಹೀಗೆ ಕುಣಿಯುವ ಬೇರೆ ಏನನ್ನಾದರೂ ಹಿಡಿದು ನಿಲ್ಲಿಸಿದ್ದರೆ, ಕೈ ಹೇಗೆ ಇಟ್ಟಿರಿ ಎಂದು ಬರೆದು ತಿಳಿಸಿ. ಅಲ್ಲಿಯವರೆಗೆ, ಗಾಳಿ ಎದ್ದ ದಿನ ಜನರನ್ನು ನೇರ ಒಯ್ದು ನೇರ ತರುತ್ತೇನೆ.