ಕಂಪ್ಲಿಯ ತೋಟಪ್ಪ ಸರ್‌ಗೆ ಸನ್ಮಾನ

ಕಂಪ್ಲಿಯ ಜಂಬಮ್ಮನಿಗೆ ಸುಳ್ಳು ಹೇಳುವ ಅಭ್ಯಾಸವಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿದ ಮೇಲೆ ಯಾರೂ ನಂಬುವುದಿಲ್ಲ. ಹೊಸಪೇಟೆ, ಸಂಡೂರು, ಕಂಪ್ಲಿ ಕಡೆ ಜನರ ಇನ್ಕಮ್ ಟ್ಯಾಕ್ಸ್ ರಿಟರ್ನ್ ತುಂಬಿಕೊಡುವ ಮೂವತ್ತೈದು ಮಂದಿಯನ್ನು ಆಕೆ ಒಂದೂವರೆ ವರ್ಷ ಚೆನ್ನಾಗಿ ಆಡಿಸಿದಳು. ಆ ಮೂವತ್ತೈದರಲ್ಲಿ ನಾನೂ ಒಬ್ಬ. ಆದರೆ ನಾವು ಕೇಳಲಿಲ್ಲ, ಆಕೆ ಹೇಳಲಿಲ್ಲ, ಅಷ್ಟೇ.

ಜಂಬಮ್ಮ ಬಿ.ಕಾಂ. ಮಾಡಿದವಳು. ಹೊಸಪೇಟೆಯ ಒಬ್ಬ ಆಡಿಟರ್ ಹತ್ತಿರ ಹನ್ನೊಂದು ವರ್ಷ ಕೆಲಸ ಮಾಡಿದ್ದಳು. ಹೆಸರಿಗೆ ಟೈಪಿಸ್ಟ್. ಆದರೆ ಕೊನೆಯ ಆರು ವರ್ಷ ಆಡಿಟರು ಸಹಿ ಮಾಡುವುದು ಮತ್ತು ಊಟಕ್ಕೆ ಹೋಗುವುದು ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ ಎಂದು ಆ ಬೀದಿಗೆಲ್ಲ ಗೊತ್ತಿತ್ತು. ಆಫೀಸು ಮುಚ್ಚಿದ ಮೇಲೆ ಆಕೆ ಕಂಪ್ಲಿಗೆ ಮರಳಿ, ಗಂಡನ ಅಂಗಡಿಯ ಒಂದು ಮೂಲೆಯಲ್ಲಿ ಟೇಬಲ್ಲು, ಕಂಪ್ಯೂಟರು ಇಟ್ಟುಕೊಂಡು ಕುಳಿತಳು. ಗಂಡ ತೋಟಪ್ಪನದು ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಕೆಲಸ. ಒಂದೇ ಬಾಗಿಲಲ್ಲಿ ಮೋಟಾರು ಹೊತ್ತವರೂ ಬರುತ್ತಿದ್ದರು, ಪಾನ್ ಕಾರ್ಡ್ ಹಿಡಿದವರೂ ಬರುತ್ತಿದ್ದರು.

ಅಂಗಡಿಯ ಕಾರ್ಡಿನಲ್ಲಿದ್ದದ್ದು ತೋಟಪ್ಪನ ಹೆಸರು, ತೋಟಪ್ಪನ ಮೊಬೈಲ್ ನಂಬರು. ಕೆಳಗೆ ಸಣ್ಣ ಅಕ್ಷರದಲ್ಲಿ 'ಇನ್ಕಮ್ ಟ್ಯಾಕ್ಸ್ ಕೆಲಸ ಮಾಡಿಕೊಡಲಾಗುವುದು' ಎಂದಿತ್ತು. ಆ ಕಾರ್ಡು ಕೈಯಿಂದ ಕೈಗೆ ದಾಟಿ, ನಮ್ಮ ವಾಟ್ಸಾಪ್ ಗುಂಪಿನ ಯಜಮಾನರಾದ ಹೊಸಪೇಟೆಯ ಕೊಟ್ರಯ್ಯನವರಿಗೆ ಸಿಕ್ಕಿತು. ಗುಂಪಿನ ಹೆಸರು 'ತುಂಗಭದ್ರಾ ಟ್ಯಾಕ್ಸ್ ಬಳಗ'. ಯಾರಿಗಾದರೂ ಫಾರ್ಮ್ ತುಂಬುವಾಗ ಅನುಮಾನ ಬಂದರೆ, ಸಾಫ್ಟ್‌ವೇರ್ ಕೈಕೊಟ್ಟರೆ, ಅಲ್ಲಿ ಕೇಳಬೇಕು, ಗೊತ್ತಿದ್ದವರು ಹೇಳಬೇಕು. ಕೊಟ್ರಯ್ಯನವರು ಆ ನಂಬರನ್ನು ಸೇರಿಸಿಕೊಂಡು, 'ಕಂಪ್ಲಿಯ ಶ್ರೀ ತೋಟಪ್ಪನವರಿಗೆ ಸ್ವಾಗತ' ಎಂದು ಹೂಗುಚ್ಛದ ಚಿತ್ರ ಹಾಕಿದರು.

ತೋಟಪ್ಪ ಫೋನನ್ನು ಹೆಂಡತಿಗೆ ತೋರಿಸಿದ. "ಇದ್ಯಾರು ನನಗ ಹೂವು ಕಳಿಸ್ಯಾರ?"

ಜಂಬಮ್ಮ ಆ ವಾಟ್ಸಾಪನ್ನು ತನ್ನ ಕಂಪ್ಯೂಟರಿಗೆ ಜೋಡಿಸಿಕೊಂಡಳು. ತಾನು ಯಾರೆಂದು ಅವತ್ತೇ ಬರೆಯಬೇಕೆಂದಿದ್ದಳಂತೆ. ಅಷ್ಟರಲ್ಲಿ ಸಂಡೂರಿನ ತಿಪ್ಪೇಶ್ ಒಂದು ಪ್ರಶ್ನೆ ಹಾಕಿದ. ಯಶವಂತನಗರದ ಒಬ್ಬ ಲಾರಿ ಡ್ರೈವರು ನಡುವರ್ಷದಲ್ಲಿ ಒಂದು ಗಣಿ ಬಿಟ್ಟು ಇನ್ನೊಂದಕ್ಕೆ ಸೇರಿದ್ದಾನೆ. ಎರಡೂ ಕಡೆ ತೆರಿಗೆ ಏನೂ ಬಾಕಿಯಿಲ್ಲ ಎಂದಿದ್ದಾರೆ. ಆದರೆ ಎರಡನ್ನೂ ಒಟ್ಟಿಗೆ ಹಾಕಿದರೆ ಸಾಫ್ಟ್‌ವೇರ್ ತೆರಿಗೆ ಕಟ್ಟು ಅನ್ನುತ್ತದೆ, ಇದರ ತಲೆ ಕೆಟ್ಟಿದೆ ಎಂದು ಅವನ ದೂರು. ಗುಂಪಿನಲ್ಲಿ ಎಲ್ಲರೂ ಸಾಫ್ಟ್‌ವೇರನ್ನು ಬಯ್ದೆವು. ಆಗ ತೋಟಪ್ಪನವರ ನಂಬರಿನಿಂದ ಉತ್ತರ ಬಂತು: 'ಸಾಫ್ಟ್‌ವೇರ್ ಸರಿ ಐತ್ರಿ. ವರ್ಷಕ್ಕೊಮ್ಮೆ ಕೊಡೋ ರಿಯಾಯ್ತಿನ ಎರಡೂ ಕಂಪನಿಯವರು ಒಂದೊಂದು ಸಲ ಕೊಟ್ಟಾರ. ಡ್ರೈವರ್ ಒಂದ ಮದುವ್ಯಾಗ ಎರಡು ಪಂಕ್ತಿ ಉಂಡಂಗ ಆಗೇತಿ. ಒಂದು ಊಟ ವಾಪಸ್ ಕೊಡಬೇಕು.'

'ಥ್ಯಾಂಕ್ಯೂ ತೋಟಪ್ಪ ಸರ್!' ಎಂದು ತಿಪ್ಪೇಶ್ ಬರೆದ. ಮೂವತ್ತು ಹೆಬ್ಬೆರಳುಗಳು ಎದ್ದವು. ಕೆಳಗೆ ಕೊಟ್ರಯ್ಯನವರು ಹೀಗೆ ಸೇರಿಸಿದರು: 'ಅನುಭವ ಅಂದ್ರೆ ಇದು. ಈಗಿನ ಆಫೀಸುಗಳಲ್ಲಿ ಹೆಣ್ಮಕ್ಕಳನ್ನ ಕೂಡಿಸಿ ಟೈಪ್ ಹೊಡೆಸ್ತಾರೆ, ಅವರಿಗೆ ಇದೆಲ್ಲ ಎಲ್ಲಿ ತಿಳಿಬೇಕು.'

ಜಂಬಮ್ಮ ಅದನ್ನು ಎರಡು ಸಲ ಓದಿದಳು. 'ಧನ್ಯವಾದಗಳು ಸರ್' ಎಂದಷ್ಟೇ ಬರೆದು ಸುಮ್ಮನಾದಳು.

ಅಲ್ಲಿಂದ ಶುರುವಾಯಿತು ತೋಟಪ್ಪ ಸರ್ ಕಾಲ. ಆಧಾರಿನಲ್ಲಿ ಒಂದು ಹೆಸರು, ಪಾನ್ ಕಾರ್ಡಿನಲ್ಲಿ ಇನ್ನೊಂದು ಇದ್ದವರಿಗೆ ದಾರಿ ತೋರಿಸಿದವರು ತೋಟಪ್ಪ ಸರ್. ಡಿಜಿಟಲ್ ಸಹಿಯ ಡಾಂಗಲ್ ಚುಚ್ಚಿದರೂ ಕಂಪ್ಯೂಟರು ಗುರುತಿಸದಿದ್ದಾಗ 'ಎಡಗಡೆ ತೂತಿಗೆ ಹಾಕಿ ನೋಡ್ರಿ' ಎಂದವರೂ ಅವರೇ. ವಾಟ್ಸಾಪಿನ ಚಿತ್ರದಲ್ಲಿ ತೋಟಪ್ಪ ಮೈದುನನ ಮದುವೆಯ ಕೋಟು ಹಾಕಿಕೊಂಡು ಗಂಭೀರವಾಗಿ ನಿಂತಿದ್ದ. ನಮಗೆ ಅನುಮಾನ ಬರುವುದಾದರೂ ಹೇಗೆ?

ಫೋನ್ ಬಂದರೆ ಎತ್ತಬೇಡ ಎಂದು ಆಕೆ ಗಂಡನಿಗೆ ಹೇಳಿದ್ದಳು. ಆದರೆ ಮೋಟಾರಿನ ಗಿರಾಕಿಗಳೂ ಅದೇ ನಂಬರಿಗೆ ಮಾಡುವವರು. ಒಂದು ಮಧ್ಯಾಹ್ನ ಜಂಬಮ್ಮ ಬ್ಯಾಂಕಿಗೆ ಹೋಗಿದ್ದಾಗ ಕೊಟ್ರಯ್ಯನವರೇ ಫೋನ್ ಮಾಡಿದರು. ತೋಟಪ್ಪ ಕೈಯಲ್ಲಿ ತಂತಿ ಹಿಡಿದುಕೊಂಡೇ ಭುಜಕ್ಕೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡ.

"ಸರ್, ಚಾಲೂನ ಆಗವಲ್ದು. ಸುಮ್ನ ಸುತ್ತಾಕತ್ತೈತಿ ಅಷ್ಟ," ಎಂದರು ಕೊಟ್ರಯ್ಯನವರು.

"ಎಷ್ಟೊತ್ತಿಂದ?"

"ಮುಂಜಾನಿಂದ."

"ಲೋಡ್ ಎಷ್ಟು ಹಾಕೀರಿ?"

"ಒಮ್ಮೆಗೇ ನಲವತ್ತು."

"ನಲವತ್ತಾ!" ತೋಟಪ್ಪನಿಗೆ ಸಿಟ್ಟೇ ಬಂತು. "ಬುದ್ಧಿ ಐತೇನ್ರಿ ನಿಮಗ? ಅಷ್ಟು ಲೋಡ್ ಕೊಟ್ರ ಉಳಿತೈತೇನು ಅದು? ಮೊದ್ಲು ಬಂದ್ ಮಾಡ್ರಿ. ಎಲ್ಲಾ ತೆಗೀರಿ. ಅರ್ಧ ತಾಸು ತಣ್ಣಗಾಗ್ಲಿ. ಆಮ್ಯಾಲೆ ಒಂದೊಂದ ಕೊಟ್ಟು ನೋಡ್ರಿ."

ಕೊಟ್ರಯ್ಯನವರು ನಲವತ್ತು ರಿಟರ್ನುಗಳನ್ನು ಒಟ್ಟಿಗೆ ಸಾಫ್ಟ್‌ವೇರಿಗೆ ಏರಿಸಲು ಹೋಗಿದ್ದರು. ಕಂಪ್ಯೂಟರು ಬಂದ್ ಮಾಡಿ, ಅರ್ಧ ತಾಸು ಬಿಟ್ಟು, ಒಂದೊಂದಾಗಿ ಕೊಟ್ಟರು. ಎಲ್ಲವೂ ಹೋದವು. ಆ ಸಂಜೆ ಗುಂಪಿನಲ್ಲಿ, 'ನನಗೆ ಇಷ್ಟು ಧೈರ್ಯವಾಗಿ ಬಯ್ದವರು ಇಪ್ಪತ್ತು ವರ್ಷದಲ್ಲಿ ಇವರೊಬ್ಬರೇ. ದೊಡ್ಡ ಮನುಷ್ಯ' ಎಂದು ಬರೆದರು. ಅದನ್ನು ಓದಿ ಜಂಬಮ್ಮ ಗಂಡನ ಕಡೆ ತಿರುಗಿದಳು. "ಏನಂದ್ರಿ ನೀವು ಅವರಿಗೆ?"

"ಯಾರಿಗೆ? ಒಬ್ಬಾವ ಮೋಟಾರ್ ಸುಡಾಕ ನಿಂತಿದ್ದ, ಉಳಿಸಿದೆ."

ಆಕೆ ಟೇಬಲ್ಲಿನ ಮೇಲೆ ತಲೆಯಿಟ್ಟು ನಕ್ಕಳಂತೆ, ಪಾನ್ ಕಾರ್ಡ್ ತಂದಿದ್ದ ಗಿರಾಕಿಗೆ ಗಾಬರಿಯಾಗುವಷ್ಟು.

ನಗು ನಿಂತದ್ದು ಕಳೆದ ವರ್ಷ, ರಿಟರ್ನಿನ ಕೊನೆಯ ದಿನ ಮುಗಿದ ಮೇಲೆ. ನಾವು ಬಳಗದವರೆಲ್ಲ ಹೊಸಪೇಟೆಯಲ್ಲಿ, ಟಿ.ಬಿ. ಡ್ಯಾಂ ರಸ್ತೆಯ ಒಂದು ಹೋಟೆಲಿನ ಸಭಾಂಗಣದಲ್ಲಿ ಸೇರುವುದು, ತೋಟಪ್ಪ ಸರ್‌ಗೆ ಶಾಲು ಹೊದಿಸುವುದು, ಅವರಿಂದ ಅರ್ಧ ತಾಸು ಮಾತಾಡಿಸುವುದು ಎಂದು ತೀರ್ಮಾನಿಸಿದೆವು. 'ಜ್ವರ ಬಂದಿದೆ' ಎಂದು ಬರೆಯಲು ಜಂಬಮ್ಮನಿಗೆ ಮನಸ್ಸಾಗಲಿಲ್ಲ, 'ಪುರುಸೊತ್ತಿಲ್ಲ' ಎಂದಳು. 'ಹಾಗಾದರೆ ನಾವೆಲ್ಲರೂ ಬಸ್ ಮಾಡಿಕೊಂಡು ಕಂಪ್ಲಿಗೇ ಬರುತ್ತೇವೆ' ಎಂದರು ಕೊಟ್ರಯ್ಯನವರು. ಮೂವತ್ತೈದು ಜನ ಬಂದು ಮೋಟಾರುಗಳ ನಡುವೆ ನಿಲ್ಲುವುದನ್ನು ನೆನೆಸಿಕೊಂಡು ಆಕೆ ಗಂಡನಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು.

ತೋಟಪ್ಪ ಬೇರೆಲ್ಲ ಬಿಟ್ಟು ಒಂದನ್ನೇ ಕೇಳಿದ. "ಶಾಲು ಖರೇನ ಹೊದಿಸ್ತಾರ?"

"ಹೂಂ."

"ಊಟ?"

"ಅದೂ ಐತಿ. ಆದ್ರ ಮಾತಾಡಬೇಕ್ರಿ ನೀವು!"

"ಮೂವತ್ತು ವರ್ಷ ಮೋಟಾರ್ ಸುತ್ತೀನಿ, ಒಬ್ಬರೂ ಶಾಲು ಹೊದಿಸಿಲ್ಲ. ನಾ ಹೊಕ್ಕೀನಿ. ನೀನೂ ಬಾ."

ಬಸ್ಸಿನಲ್ಲಿ ಆಕೆ ಹೇಳಿಕೊಟ್ಟದ್ದನ್ನೆಲ್ಲ ಅವನು ತಲೆಯಾಡಿಸುತ್ತ ಕೇಳಿದ. ಹೊಸಪೇಟೆ ಬಸ್ ನಿಲ್ದಾಣದಲ್ಲಿ ಇಳಿದಾಗ "ಏನಂದೆ ಮೊದಲನೇದು?" ಎಂದ.

ಸಭಾಂಗಣದ ಬಾಗಿಲಲ್ಲಿ ಕೊಟ್ರಯ್ಯನವರು ತೋಟಪ್ಪನ ಕೈಹಿಡಿದು ವೇದಿಕೆಗೆ ಕರೆದೊಯ್ದರು. ಜಂಬಮ್ಮನಿಗೆ, "ತಾಯಿ, ನೀವು ಅಲ್ಲಿ ಆರಾಮ ಕುಂದ್ರಿ," ಎಂದು ಹಿಂದಿನ ಸಾಲು ತೋರಿಸಿದರು. ಅಲ್ಲಿ ಬಳಗಕ್ಕೆ ಹೊಸದಾಗಿ ಸೇರಿದ್ದ ಸೌಜನ್ಯ ಎಂಬ ಹುಡುಗಿ ಒಬ್ಬಳೇ ಕುಳಿತಿದ್ದಳು.

ಶಾಲು ಬಿತ್ತು, ಹಾರ ಬಿತ್ತು, ಮೈಕು ಬಂತು. ತೋಟಪ್ಪ ಗಂಟಲು ಸರಿಮಾಡಿಕೊಂಡ.

"ನೋಡ್ರಿ, ನನಗ ಭಾಳ ಮಾತಾಡಾಕ ಬರಂಗಿಲ್ಲ. ಯಾವುದನ್ನ ಆಗ್ಲಿ, ಬಿಚ್ಚೋಕ ಮೊದ್ಲು ನೋಡ್ರಿ. ಹೊರಗ ಬಣ್ಣ ಚಲೋ ಇರತೈತಿ, ಒಳಗ ಸುಟ್ಟಿರತೈತಿ. ಗಿರಾಕಿ ನಂದೇನೂ ತಪ್ಪಿಲ್ಲ ಅಂತಾನ, ನಂಬಬ್ಯಾಡ್ರಿ. ಮೂಸಿ ನೋಡ್ರಿ. ಹಳೇ ಸುತ್ತು ಎಷ್ಟಿತ್ತು ಅಂತ ಎಣಿಸಿ ಬರಕೊಳ್ರಿ, ಇಲ್ಲಾಂದ್ರ ಹೊಸದು ಕೂಡಂಗಿಲ್ಲ."

ಸಭೆ ತಲೆದೂಗಿತು. ಗಿರಾಕಿಯ ಲೆಕ್ಕವನ್ನು ಕಣ್ಮುಚ್ಚಿ ನಂಬಬಾರದು, ಹಿಂದಿನ ವರ್ಷದ ರಿಟರ್ನಿಗೆ ತಾಳೆ ನೋಡಬೇಕು ಎಂಬುದನ್ನು ಎಷ್ಟು ಸೊಗಸಾಗಿ ಹೇಳಿದರು! ನಾನು ಅದನ್ನು ಡೈರಿಯಲ್ಲಿ ಬರೆದುಕೊಂಡೆ. ಆ ಡೈರಿ ಈಗಲೂ ಇದೆ, ಯಾರಿಗೂ ತೋರಿಸುವುದಿಲ್ಲ.

ಆಮೇಲೆ ಪ್ರಶ್ನೆಗಳು. ತಿಪ್ಪೇಶ್ ಎದ್ದು ನಿಂತ. "ಸರ್, ಹಂಪ್ಯಾಗ ಒಬ್ಬರು ಮನಿ ರೂಮುಗಳನ್ನ ಬಂದವರಿಗೆ ಕೊಡ್ತಾರ, ಊಟಾನೂ ಹಾಕ್ತಾರ. ಅದನ್ನ ಬಾಡಿಗಿ ಅಂತ ತೋರಿಸಬೇಕೋ, ವ್ಯಾಪಾರ ಅಂತಾನೋ?"

ತೋಟಪ್ಪ ಒಂದು ಗಳಿಗೆ ಚಾವಣಿ ನೋಡಿದ. ಹಾರ ಸರಿಮಾಡಿಕೊಂಡ. ಹಿಂದಿನ ಸಾಲಿನಲ್ಲಿ ಜಂಬಮ್ಮ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕುಳಿತಿದ್ದಳು.

"ಇಷ್ಟು ಸಣ್ಣದಕ್ಕ ನಾ ಯಾಕ?" ಎಂದ ತೋಟಪ್ಪ. "ನಮ್ಮನಿಯಾಕಿ ಹೇಳ್ತಾಳ ಬಿಡ್ರಿ."

ಎಲ್ಲರೂ ನಕ್ಕರು. ಜಂಬಮ್ಮ ಎದ್ದಳು. ಮೊದಲ ಮಾತು ತೊದಲಿತು, ಎರಡನೆಯದು ತೊದಲಲಿಲ್ಲ. "ಬರೀ ಗ್ವಾಡಿ, ಬಾಗಿಲಾ ಕೊಟ್ರ ಬಾಡಿಗಿ. ಊಟ ಹಾಕಿ, ಹಾಸಿಗಿ ಒಗದು, ದಿನಾ ಕಸ ಹೊಡದ್ರ ಅದು ವ್ಯಾಪಾರ. ಖರ್ಚೂ ಕಳಕೋಬಹುದು. ಬಿಲ್ಲು ಇಟ್ಟಾರೇನು ಕೇಳ್ರಿ."

ಸಭೆ ಚಪ್ಪಾಳೆ ತಟ್ಟಿತು. "ನೋಡ್ರಿ, ಸರ್ ಮನ್ಯಾಗ ಎಷ್ಟು ಚಲೋ ಕಲಿಸ್ಯಾರ!" ಎಂದರು ಕೊಟ್ರಯ್ಯನವರು. ಎರಡನೆಯ ಪ್ರಶ್ನೆ ಬಂತು. "ಅದನ್ನೂ ಆಕೀನ ಹೇಳ್ತಾಳ," ಎಂದ ತೋಟಪ್ಪ. ಮೂರನೆಯದಕ್ಕೆ ಬಾಯಿ ಬಿಡದೆ ಹಿಂದಿನ ಸಾಲಿಗೆ ಕೈತೋರಿಸಿದ. ನಾಲ್ಕನೆಯದಕ್ಕೆ ಸೌಜನ್ಯ ಬಾಯಿಗೆ ಕರವಸ್ತ್ರ ಒತ್ತಿಕೊಂಡಳು. ನಮ್ಮೆಲ್ಲರಿಗಿಂತ ಮೊದಲು ಅರ್ಥವಾದದ್ದು ಅವಳಿಗೆ.

ಕೊನೆಗೆ ಕೊಟ್ರಯ್ಯನವರೇ ಎದ್ದರು. "ಸರ್, ಇದೊಂದಕ್ಕ ನೀವ ಹೇಳಬೇಕು. ನಿಮ್ಮ ಬಾಯಿಂದ ಕೇಳಬೇಕು."

ತೋಟಪ್ಪನಿಗೆ ಹಸಿವಾಗಿತ್ತು. "ನನಗೇನು ಗೊತ್ತಾಕ್ಕೈತ್ರಿ? ನಾ ಮೋಟಾರ್ ಸುತ್ತಾವ. ಫೋನ್ನ್ಯಾಗ ನಿಮಗ ಬರದು ಬರದು ಹಾಕಿದಾಕಿ ಆಕೀನ."

ಎಲ್ಲರ ತಲೆಗಳೂ ಹಿಂದಿನ ಸಾಲಿಗೆ ತಿರುಗಿದವು.

"ಹಂಗಾದ್ರ," ಎಂದರು ಕೊಟ್ರಯ್ಯನವರು ಮೆಲ್ಲಗೆ, "ಅವತ್ತು ಫೋನ್ನ್ಯಾಗ ನನಗ ಬಯ್ದದ್ದು?"

"ಅದು ನಾನ. ಬೋರಿನ ಮೋಟಾರ್ ಅಂದ್ಕೊಂಡಿದ್ದೆ."

ತಿಪ್ಪೇಶ್ ಕುರ್ಚಿಯಿಂದ ಬಿದ್ದದ್ದು ನಿಜ. ಇಡೀ ಸಭಾಂಗಣ ನಕ್ಕಿತು. ಕೊಟ್ರಯ್ಯನವರ ಮುಖ ಮಾತ್ರ ಕೆಂಪಾಗಿತ್ತು. ಜಂಬಮ್ಮ ಮುಂದೆ ಬಂದು ನಿಂತಳು. ನಗುತ್ತಿರಲಿಲ್ಲ. "ತಪ್ಪಾತ್ರಿ, ಹೇಳಬೇಕಿತ್ತು. ಟೈಪ್ ಹೊಡೆಯೋರ ಬಗ್ಗೆ ನೀವು ಬರದದ್ದು ಓದಿದ ಮ್ಯಾಲೆ ಹೇಳಾಕ ಮನಸ್ಸಾಗ್ಲಿಲ್ಲ."

 ಕೊಟ್ರಯ್ಯನವರು ಬಿಗುವಾಗಿ, "ಆತು, ನನ್ನ ಪ್ರಶ್ನೆಗೆ ಉತ್ತರ ಹೇಳ್ರಿ ಹಂಗಾರ," ಎಂದರು. ಮಲಪನಗುಡಿ ಕಡೆಯ ಒಬ್ಬರು ಹೊಲ ಮಾರಿದ್ದಾರೆ. ಪಟ್ಟಣದ ಗಡಿಗೆ ಹತ್ತಿರವಿದ್ದರೆ ತೆರಿಗೆ, ದೂರವಿದ್ದರೆ ಇಲ್ಲ. ದೂರವನ್ನು ಅಳೆಯುವುದು ಹೇಗೆ?

"ರಸ್ತಿ ಹಿಡಿದು ಅಳೀಬೇಕು," ಎಂದಳು ಜಂಬಮ್ಮ.

"ಅಲ್ಲ!" ಕೊಟ್ರಯ್ಯನವರ ಮುಖ ಒಮ್ಮೆಲೇ ಅರಳಿತು. "ಅದು ಹಳೇದು. ಈಗ ನಕಾಶಿ ಮ್ಯಾಲೆ ನೆಟ್ಟಗ ಗೆರಿ ಎಳೆದು ಅಳೀಬೇಕು. ಇದು ಗೊತ್ತಿರಲಿಲ್ಲಲ್ಲ ನಿಮಗ?"

"ಇಲ್ರಿ," ಎಂದಳು ಆಕೆ, ಚೀಲದಿಂದ ಪೆನ್ನು ತೆಗೆಯುತ್ತ. "ಇನ್ನೊಮ್ಮೆ ಹೇಳ್ರಿ, ಬರಕೋತೀನಿ."

ಅವರು ಇನ್ನೊಮ್ಮೆ ಹೇಳಿದರು. ಇನ್ನೂ ಇಪ್ಪತ್ತು ನಿಮಿಷ ಹೇಳಿದರು. ಅನ್ನ ಆರಿಹೋಯಿತು. ಆಕೆಗೆ ಅದು ನಿಜಕ್ಕೂ ಗೊತ್ತಿರಲಿಲ್ಲವೇ ಎಂದು ನಾನು ಆಮೇಲೆ ಕೇಳಿದ್ದೇನೆ. ಆಕೆ ನನಗೆ ಚಹಾ ತರಿಸಿದಳು. ಮಾತು ಮುಗಿಸಿ ಕೊಟ್ರಯ್ಯನವರು ಒಳಗಿನಿಂದ ಇನ್ನೊಂದು ಶಾಲು ತರಿಸಿದರು. ತೋಟಪ್ಪ ತನ್ನದನ್ನು ವಾಪಸ್ ಕೇಳುತ್ತಾರೇನೋ ಎಂದು ಮಡಚಿ ಕಂಕುಳಲ್ಲಿ ಇಟ್ಟುಕೊಂಡ.

ಈ ವರ್ಷ ಜಂಬಮ್ಮ ತನ್ನ ನಂಬರಿನಿಂದಲೇ ಬಳಗದಲ್ಲಿದ್ದಾಳೆ. ಜುಲೈ ತಿಂಗಳ ಭಾನುವಾರಗಳಲ್ಲಿ ಆಕೆ ಮತ್ತು ಸೌಜನ್ಯ ಯಶವಂತನಗರಕ್ಕೆ ಹೋಗಿ, ಗಣಿಯ ಡ್ರೈವರುಗಳ ರಿಟರ್ನುಗಳನ್ನು ಅಲ್ಲಿಯೇ ತುಂಬಿಕೊಡುತ್ತಾರೆ. ಮೊನ್ನೆ ನಾನೂ ಹೋಗಿದ್ದೆ. ಚಹಾದ ಅಂಗಡಿಯ ಬೆಂಚಿನ ಮೇಲೆ ಲ್ಯಾಪ್‌ಟಾಪು, ಅದರ ಮೇಲೆ ಕೆಂಪು ಧೂಳು, ಸುತ್ತ ಹದಿನೈದು ಡ್ರೈವರುಗಳು. ಒಬ್ಬ ತನ್ನ ಪಾಸ್‌ವರ್ಡನ್ನು ಎಲ್ಲರಿಗೂ ಕೇಳುವಂತೆ ಕೂಗಿ ಹೇಳಿದ. ಅದೊಂದು ಹೆಣ್ಣಿನ ಹೆಸರು, ಆದರೆ ಅವನ ಹೆಂಡತಿಯದಾಗಿರಲಿಲ್ಲ. ಜಂಬಮ್ಮ ತಲೆಯೆತ್ತದೆ ಟೈಪ್ ಮಾಡಿದಳು.

"ಈ ಹೆಸರು ಜಲ್ದಿ ಬದಲು ಮಾಡಪ್ಪ," ಎಂದಳು. "ನೀ ರಿಟರ್ನ್ ಮನಿಗೆ ಹೋಗೋಕ ಮೊದ್ಲು."