ಬಲಸೊಂಟದ ಬಳಿ ಒಂದಿಷ್ಟು ಫೋಮು

ರೇಸ್ ಕಾರಿನ ಸೀಟನ್ನು ಚಾಲಕನ ಮೈಗೇ ಎರಕ ಹೊಯ್ಯುತ್ತಾರೆ. ಖಾಲಿ ಕಾರಿನ ಹೊಟ್ಟೆಯೊಳಗೆ ದೊಡ್ಡ ಪ್ಲಾಸ್ಟಿಕ್ ಚೀಲ ಹಾಸಿ, ಚಾಲಕನನ್ನು ಅದರ ಮೇಲೆ ಕೂರಿಸಿ, ಎರಡು ದ್ರಾವಣಗಳನ್ನು ಕಲಸಿ ಚೀಲದೊಳಕ್ಕೆ ಸುರಿಯುತ್ತಾರೆ. ಅದು ನೊರೆನೊರೆಯಾಗಿ ಉಬ್ಬುತ್ತದೆ, ಬಿಸಿಯಾಗುತ್ತದೆ, ಬೆನ್ನು, ಸೊಂಟ, ಪಕ್ಕೆಗಳನ್ನು ಒತ್ತಿ ಹಿಡಿದು ಹಾಗೆಯೇ ಗಟ್ಟಿಯಾಗುತ್ತದೆ. ಅಲ್ಲಿಯವರೆಗೂ ಕೂತವರು ಅಲ್ಲಾಡುವಂತಿಲ್ಲ. ಆಮೇಲೆ ಹೊರತೆಗೆದು, ಎಲ್ಲಿ ಚುಚ್ಚುತ್ತದೆ, ಎಲ್ಲಿ ಸಡಿಲ ಎಂದು ಕೇಳಿ ಕೇಳಿ ಕೆತ್ತಬೇಕು. ಹೀಗೆ ಮಾಡಿದ ಸೀಟು ಒಬ್ಬರಿಗೇ ಸರಿ. ಬೇರೆಯವರು ಅದರಲ್ಲಿ ಕೂತರೆ ನಾಲ್ಕು ತಿರುವು ದಾಟುವಷ್ಟರಲ್ಲಿ ಪಕ್ಕೆ ಹಿಡಿದುಕೊಳ್ಳುತ್ತದೆ.

ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ, ಹಲ್ಲುಚಕ್ರ ಕೊರೆಯುವ ಒಂದು ಶಾಪಿಗೂ ಬಣ್ಣ ಹೊಡೆಯುವ ಇನ್ನೊಂದು ಶಾಪಿಗೂ ನಡುವಿನ ಶೆಡ್ಡಿನಲ್ಲಿ ಭೈರೇಶ ಈ ಕೆಲಸ ಮಾಡುತ್ತಾನೆ. ಅವನ ಹಿರಿಯರು ಅಗ್ರಹಾರ ದಾಸರಹಳ್ಳಿಯವರು. ಅಪ್ಪ ಚಿಕ್ಕಣ್ಣನ ಕಾಲಕ್ಕೇ ರಾಗಿ ಹೊಲ ಬಡಾವಣೆಯಾಗಿತ್ತು. ಐಟಿಐ ಮುಗಿಸಿದ ಭೈರೇಶ ಮೊದಲು ಆಟೋ ಸೀಟುಗಳಿಗೆ ರೆಕ್ಸಿನ್ ಹೊದಿಸಿದ, ಆಮೇಲೆ ಫೈಬರ್ ಶಾಪಿನಲ್ಲಿ ಬಸ್ಸಿನ ಸೀಟು ಮಾಡಿದ. ಒಂದು ದಿನ ಬೆನ್ನುನೋವಿನ ಹಳೆಯ ರೇಸ್ ಚಾಲಕನೊಬ್ಬ ಬಂದು, “ಕೂರೋಕೇ ಆಗ್ತಿಲ್ಲ ಗುರು, ಏನಾದ್ರೂ ಮಾಡು” ಎಂದ. ತಾನು ಮಾಡಿಕೊಟ್ಟ ಸೀಟಿನಲ್ಲಿ ಆ ಮನುಷ್ಯ ಆ ವಾರ ಗೆದ್ದನೋ ಸೋತನೋ ಭೈರೇಶನಿಗೆ ನೆನಪಿಲ್ಲ. ಆದರೆ ಕಾರಿನಿಂದ ಯಾರ ಕೈಯೂ ಹಿಡಿಯದೆ ಇಳಿದನಂತೆ. ಆ ಸುದ್ದಿ ಹಬ್ಬಿ, ದಕ್ಷಿಣದ ರೇಸ್ ತಂಡಗಳು ಒಂದೊಂದಾಗಿ ಅವನ ಶೆಡ್ಡು ಹುಡುಕಿಕೊಂಡು ಬಂದವು.

ಈ ಕೆಲಸಕ್ಕೊಂದು ಕಟ್ಟಳೆಯಿದೆ. ಕೈಕಾಲು ಆಡಿಸದೆ ಕೂತ ಚಾಲಕರು ಬಾಯಿ ಆಡಿಸುತ್ತಾರೆ. ಕ್ಷೌರದ ಕುರ್ಚಿಯಲ್ಲಿ ಕೂತವರ ಹಾಗೆ ತಂಡದ ಜಗಳ, ಮನೆಯ ಜಗಳ, ಮುಂದಿನ ವರ್ಷ ಯಾರ ಕಾರು ಹತ್ತುತ್ತೇನೆಂಬ ಗುಟ್ಟು ಎಲ್ಲ ಹೇಳಿಕೊಳ್ಳುತ್ತಾರೆ. ಅದಕ್ಕೂ ಮಿಗಿಲಾಗಿ, ಯಾರ ಜಾಗಕ್ಕೆ ಯಾರು ಬರುತ್ತಾರೆಂಬುದು ಪತ್ರಿಕೆಯವರಿಗಿಂತ ಮೊದಲು ಸೀಟು ಮಾಡುವವನಿಗೆ ತಿಳಿಯುತ್ತದೆ. ಹೊಸಬ ಬರುವುದಾದರೆ ಅವನು ಮೊದಲು ಬಂದು ಕೂರಬೇಕಾದದ್ದು ಇಲ್ಲಿಯೇ ತಾನೆ? ಹಾಗಾಗಿ ಯಾರು ಕೂತರು, ಯಾವಾಗ ಕೂತರು, ಏನಂದರು ಎಂಬುದನ್ನು ಭೈರೇಶ ಶಟರ್ ಎಳೆದ ಮೇಲೆ ಆಚೆ ಒಯ್ಯುತ್ತಿರಲಿಲ್ಲ. ಅವನ ಕೈಗೆಷ್ಟು ಹೆಸರಿತ್ತೋ ಬಾಯಿಗೂ ಅಷ್ಟೇ ಹೆಸರಿತ್ತು. ಗೊತ್ತಾಗುತ್ತಿದ್ದುದು ಹೆಂಡತಿ ಲತಾಗೆ ಮಾತ್ರ. ಸೀಟಿಗೆ ಬೆಂಕಿ ತಡೆಯುವ ಬಟ್ಟೆಯ ಹೊದಿಕೆ ಹೊಲಿಯುವವಳು ಅವಳೇ.

ಬಸವೇಶ್ವರನಗರದಲ್ಲಿ ಔಷಧಿ ಅಂಗಡಿ ಇಟ್ಟಿರುವ ಶಿವಕಿರಣ್ ಅವರ ಮಗಳು ವಚನಾ ಈ ಶೆಡ್ಡಿಗೆ ಮೊದಲು ಬಂದದ್ದು ಸ್ಕೂಲ್ ಯೂನಿಫಾರ್ಮಿನಲ್ಲಿ. ಕೆಂಗೇರಿಯಾಚೆ ಮಕ್ಕಳು ಪುಟ್ಟ ಕಾರು ಓಡಿಸುವ ಟ್ರ್ಯಾಕಿನಲ್ಲಿ ಕಲಿಯುತ್ತಿದ್ದಳು. “ಅಂಕಲ್, ತಿರುವಲ್ಲಿ ಕಾರು ಒಂದ್ ಕಡೆ ಹೋಗುತ್ತೆ, ನಾನು ಒಂದ್ ಕಡೆ ಹೋಗ್ತೀನಿ” ಎಂದಿದ್ದಳು. ದೊಡ್ಡವರ ಸೀಟಿನಲ್ಲಿ ಆ ಮಗು ಡಬ್ಬಿಯೊಳಗಿನ ಗೋಲಿಯಂತೆ ಉರುಳಾಡುತ್ತಿತ್ತು. ಭೈರೇಶ ಎರಡೂ ಪಕ್ಕಕ್ಕೆ ಫೋಮು ಅಂಟಿಸಿ ಕೊಟ್ಟ. ಅವಳು ಬೆಳೆದ ಹಾಗೆಲ್ಲ ಕೆತ್ತಿ ಜಾಗ ಮಾಡಿಕೊಟ್ಟ. ಈಗ ಅವಳು ದೇಶದ ಮೇಲ್ದರ್ಜೆಯ ಫಾರ್ಮುಲಾ ಸರಣಿಯಲ್ಲಿ ಮಿಂಚು ರೇಸಿಂಗ್ ಎಂಬ ತಂಡಕ್ಕೆ ಓಡಿಸುತ್ತಿದ್ದಳು. ಆ ಸರಣಿಯಲ್ಲಿ ಅವಳೊಬ್ಬಳೇ ಹುಡುಗಿ.

ಈ ವರ್ಷದ ಮೊದಲ ಸುತ್ತಿನ ರೇಸ್ ಮುಗಿದಿತ್ತು. ತಂಡದ ಮ್ಯಾನೇಜರ್ ಮಹದೇವ್ ಫೋನ್ ಮಾಡಿದ.

“ಭೈರೇಶಣ್ಣ, ಭಾನುವಾರ ಶಾಪ್ ತೆಗೀತೀರಾ? ಒಂದ್ ಸಣ್ಣ ಕೆಲ್ಸ ಇತ್ತು.”

ಭಾನುವಾರ ಅಕ್ಕಪಕ್ಕದ ಶೆಡ್ಡುಗಳೆಲ್ಲ ಮುಚ್ಚಿದ್ದವು. ಮಹದೇವ್ ಕರೆತಂದದ್ದು ಪುಣೆಯ ಒಬ್ಬ ಚಾಲಕನನ್ನು. ಎತ್ತರದ ಹುಡುಗ, ಸಭ್ಯಸ್ಥ. ಬಾಗಿಲಲ್ಲಿ ಶೂ ಬಿಚ್ಚಿಟ್ಟು ಒಳಗೆ ಬಂದ. ಅವನ ಮನೆಯವರ ಕಂಪನಿ ತಂಡದ ಪ್ರಾಯೋಜಕತ್ವ ವಹಿಸಲಿದೆ ಎಂಬುದು ಮಹದೇವನ ಮಾತಿನ ನಡುವೆ ತಿಳಿಯಿತು. ಭೈರೇಶ ದ್ರಾವಣ ಕಲಸುತ್ತಾ, ತಲೆ ಎತ್ತದೆ ಕೇಳಿದ.

“ವಚನಾಗೆ ಗೊತ್ತಾ ಸಾರ್?”

“ಏನೂ ಇನ್ನೂ ಡಿಸೈಡ್ ಆಗಿಲ್ಲ ಅಣ್ಣ. ಇವನ ಲೈಸೆನ್ಸ್ ಬರ್ಬೇಕು, ಎರಡನೇ ಸುತ್ತು ಮುಗೀಬೇಕು. ಸುಮ್ನೆ ಒಂದು ಬ್ಯಾಕಪ್ಪು.” ಮಹದೇವ್ ನಕ್ಕ. “ನಿಮ್ ಬಾಯಿಗೆ ಬೀಗ ಇದೆ ಅಂತಾನೇ ಅಲ್ವಾ ಎಲ್ಲಾ ನಿಮ್ ಹತ್ರ ಬರೋದು?”

ಭೈರೇಶನೂ ನಕ್ಕ. ಹೊಗಳಿದ್ದು ಎಂದುಕೊಂಡ.

ಮನೆಯಲ್ಲಿ ಲತಾ ಹೊದಿಕೆಯ ಅಳತೆ ನೋಡಿ ಹುಬ್ಬೇರಿಸಿದಳು. “ಯಾರದ್ರೀ ಇದು, ತೆಂಗಿನ ಮರ? ವಚನಾ ತಂಡದ ಬಟ್ಟೆ ಇದು. ಅವಳ ಬೆನ್ನು ಇಷ್ಟುದ್ದ ಇಲ್ವಲ್ಲ.”

ಅವನು ಅಳತೆಯ ಚೀಟಿಯನ್ನು ಮಗುಚಿ ಇಟ್ಟ. ಅವಳಿಗೆ ಅರ್ಥವಾಯಿತು.

“ಆ ಹುಡ್ಗಿಗೆ ಒಂದ್ ಮಾತು ಹೇಳ್ರೀ.”

“ಅದು ನಮ್ ಕೆಲ್ಸ ಅಲ್ಲ ಕಣೇ.”

“ಸರಿಬಿಡಿ. ನಾನು ಬಟ್ಟೆ ಹೊಲೀತೀನಿ, ನೀವು ಬಾಯಿ ಹೊಲ್ಕೊಂಡು ಕೂತ್ಕೊಳಿ.”

ಎರಡನೇ ಸುತ್ತಿಗೆ ಹೊರಡುವ ಮೊದಲು ವಚನಾ ತಾನೇ ಬಂದಳು. ತೋಳಿನಲ್ಲಿ ತನ್ನ ಸೀಟನ್ನು ಅವುಚಿಕೊಂಡಿದ್ದಳು.

“ಬಲಸೊಂಟದ ಹತ್ರ ಒತ್ತುತ್ತೆ ಅಂಕಲ್. ಹೋದ್ಸಲ ರೇಸ್ ಮುಗಿಯೋಷ್ಟರಲ್ಲಿ ನೀಲಿ ಕಟ್ಟಿತ್ತು. ಮಹದೇವ್ ಸಾರ್‌ನ ಕೇಳ್ದೆ. ‘ಹೋಗಿ ಕೆತ್ತಿಸ್ಕೊಂಡು ಬಾ, ಮುಂದೆ ಇಡೀ ಸೀಸನ್ ಇದೆ’ ಅಂದ್ರು.”

ಭೈರೇಶ ಸೀಟನ್ನು ಮೇಜಿನ ಮೇಲಿಟ್ಟು ಹೊದಿಕೆ ಬಿಚ್ಚಿದ. ಅವಳು ಡ್ರಮ್ಮಿನ ಮೇಲೆ ಕೂತು ಕಾಲಾಡಿಸುತ್ತಾ ಹೇಳತೊಡಗಿದಳು. ಹೈದರಾಬಾದಿನ ತಂಡವೊಂದರ ಚಾಲಕನ ಮಣಿಕಟ್ಟು ಮುರಿದಿದೆ. ಅವರು ಇವಳನ್ನು ಕರೆಯುತ್ತಿದ್ದಾರೆ. ಎರಡನೇ ಸುತ್ತಿಗೆ ಹೆಸರು ಕಳಿಸಬೇಕಾದ್ದರಿಂದ ಸಂಜೆಯೊಳಗೆ ಉತ್ತರ ಬೇಕಂತೆ.

“ಅವರ ಕಾರು ಅಷ್ಟೇನೂ ಜೋರಿಲ್ಲ ಅಂಕಲ್. ಆದ್ರೆ ಫೋನಲ್ಲೆಲ್ಲ ಒಂದೇ ಗುಸುಗುಸು, ಮಿಂಚುನವರು ವಚನಾನ ಕೈಬಿಡ್ತಾರೆ ಅಂತ. ಅಪ್ಪ ಅಂತೂ ಬೆಳಿಗ್ಗೆಯಿಂದ ಅಂಗಡೀಲಿ ತಪ್ಪು ತಪ್ಪು ಮಾತ್ರೆ ಕೊಡ್ತಾ ಇದಾರೆ.”

ಅದು ನಿಜವೇ ಎಂದು ಅವಳು ಅವನನ್ನು ಕೇಳಲಿಲ್ಲ. ಅವನ ಕಟ್ಟಳೆ ಅವಳಿಗೆ ಚಿಕ್ಕಂದಿನಿಂದ ಗೊತ್ತಿತ್ತು. ಕೇಳಿ ಅವನನ್ನು ಇಕ್ಕಟ್ಟಿಗೆ ಸಿಕ್ಕಿಸುವ ಹುಡುಗಿಯಲ್ಲ. ಸುಮ್ಮನೆ ಅವನ ಕೈಯನ್ನೇ ನೋಡುತ್ತಾ ಕೂತಳು.

ಪುಣೆಯ ಹುಡುಗನ ಸೀಟು ಅಟ್ಟದ ಮೇಲೆ ಗೋಣಿಚೀಲದ ಮರೆಯಲ್ಲಿತ್ತು. ಭೈರೇಶ ಅತ್ತ ನೋಡಲಿಲ್ಲ. ಅವಳಿಗೆ ಏನೂ ಹೇಳಲಾರದವನು ಕೆಲಸವನ್ನಾದರೂ ಚೆನ್ನಾಗಿ ಮಾಡಿಕೊಡೋಣವೆಂದು ಬಲಸೊಂಟದ ಬಳಿ ಒಂದಿಷ್ಟೊಂದಿಷ್ಟೇ ಫೋಮು ಹೆರೆದ. ಕೂರಿಸಿ ನೋಡಿದ, ಎಬ್ಬಿಸಿದ, ಮತ್ತೆ ಹೆರೆದ. ಅವಳು “ಸಾಕು ಅಂಕಲ್” ಎಂದ ಮೇಲೂ ಬಿಡದೆ ಅಂಚುಗಳಿಗೆಲ್ಲ ಮರಳುಕಾಗದ ಹಿಡಿದು ನಯ ಮಾಡಿದ. ಅಷ್ಟು ಮುತುವರ್ಜಿಯಿಂದ ಯಾವ ಸೀಟನ್ನೂ ಅವನು ಕೆತ್ತಿರಲಿಲ್ಲ.

ಕೊನೆಯ ಸಲ ಕೂತಾಗ ಅವಳ ಮುಖ ತಿಳಿಯಾಯಿತು. “ಕೈಬಿಡೋರು ಯಾರಾದ್ರೂ ಇಷ್ಟೆಲ್ಲ ಮಾಡಿಸ್ತಾರಾ? ನಾನೇ ಸುಮ್ನೆ ತಲೆ ಕೆಡಿಸ್ಕೊಂಡಿದ್ದೆ” ಎಂದು ಎದ್ದಳು. ಅಲ್ಲೇ ಬಾಗಿಲ ಬಳಿ ನಿಂತು ಹೈದರಾಬಾದಿಗೆ ಫೋನ್ ಮಾಡಿ, ಬರಲಾಗುವುದಿಲ್ಲ, ಕ್ಷಮಿಸಿ ಎಂದಳು.

ಭೈರೇಶನಿಗೆ ಒಂದೊಂದು ಮಾತೂ ಕೇಳಿಸಿತು. ಅವನ ಕೈಯಲ್ಲಿ ಮರಳುಕಾಗದವಿತ್ತು. “ತಡಿಯಮ್ಮಾ” ಎಂಬ ಒಂದು ಮಾತು ಸಾಕಿತ್ತು. ಆದರೆ ಬಾಯಿಗೆ ಅಷ್ಟು ವರ್ಷಗಳ ಅಭ್ಯಾಸ. ಅವಳು ಸೀಟನ್ನು ಕಾರಿನ ಹಿಂಬದಿಯಲ್ಲಿ ಮಲಗಿಸಿ, ಕೈಬೀಸಿ ಹೋದಳು.

ಎರಡನೇ ಸುತ್ತಿನಲ್ಲಿ ಹಿಂದಿನ ಕಾರೊಂದು ಗುದ್ದಿ ಅವಳು ಆರನೆಯವಳಾಗಿ ಬಂದಳು. ಮರುದಿನವೇ ತಂಡ ಅವಳನ್ನು ಕೈಬಿಟ್ಟಿತು. ಎರಡನೇ ಸುತ್ತಿನ ಫಲಿತಾಂಶ ನೋಡಿದ ಮೇಲೆ ಈ ತೀರ್ಮಾನಕ್ಕೆ ಬಂದೆವು, ಅಲ್ಲಿಯವರೆಗೆ ಬೇರೆ ಯಾರ ಯೋಚನೆಯೂ ನಮಗಿರಲಿಲ್ಲ ಎಂದು ತಂಡದವರು ಹೇಳಿಕೆ ಕೊಟ್ಟರು. ಆಮೇಲೆ ಟ್ರ್ಯಾಕಿನ ಹೊರಗಿನ ರೇಸು ಶುರುವಾಯಿತು. ಹುಡುಗಿ ಅಂತ ಅವಕಾಶ ಕೊಟ್ಟಿದ್ದರು, ಉಳಿಸಿಕೊಳ್ಳಲಿಲ್ಲ ಎಂದು ಕೆಲವರು ಬರೆದರು. ದುಡ್ಡಿನವರ ಮಗನಿಗಾಗಿ ಮೋಸ ಮಾಡಿದರು ಎಂದು ಇನ್ನು ಕೆಲವರು. ಪುಣೆಯ ಹುಡುಗನ ತಾಯಿಯನ್ನೂ ಬಿಡದೆ ಬೈದರು. ಮಹದೇವ್ ಒಂದು ಚಾನೆಲ್ಲಿನಲ್ಲಿ ಕೂತು ವಚನಾಗೆ ಶಿಸ್ತಿಲ್ಲ ಎಂದ. ಲತಾ ಅದನ್ನು ಫೋನಿನಲ್ಲಿ ನೋಡುತ್ತಿದ್ದಳು. ಭೈರೇಶ ಬಂದು ಪಕ್ಕ ಕೂತಾಗ ಫೋನ್ ಆರಿಸಿದಳು. ಅಂದಿನ ಮಾತನ್ನು ಎತ್ತಿ ಆಡಲಿಲ್ಲ. ಅವಳು ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ವಚನಾ ರೇಸಿಂಗ್ ಒಕ್ಕೂಟದ ವಿಚಾರಣಾ ಸಮಿತಿಗೆ ದೂರು ಕೊಟ್ಟಳು. ಎರಡನೇ ಸುತ್ತಿನ ಫಲಿತಾಂಶಕ್ಕೆ ಮೊದಲು ಅವಳ ಜಾಗವನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ ಎಂದು ಕರಾರಿನಲ್ಲಿತ್ತು. ಕೊಟ್ಟಿದ್ದರು ಎಂದು ತೋರಿಸುವುದು ಹೇಗೆ? ಯೋಚಿಸಿ ಯೋಚಿಸಿ ಅವಳಿಗೆ ಹೊಳೆದದ್ದು ಭೈರೇಶನ ಶೆಡ್ಡು. ಹೊಸ ಚಾಲಕ ಎರಡೇ ದಿನದಲ್ಲಿ ಮೂರನೇ ಸುತ್ತಿನ ಅಭ್ಯಾಸಕ್ಕೆ ಇಳಿದಾಗ ಅವನ ಸೀಟು ಹೇಳಿ ಮಾಡಿಸಿದಂತಿತ್ತು. ಅದನ್ನು ಯಾರೋ ಮೊದಲೇ ಮಾಡಿರಬೇಕು.

ಅವಳು ಬಂದಾಗ ಭೈರೇಶ ಕೈ ಒರೆಸಿಕೊಂಡು ಎದ್ದು ನಿಂತ. ಅವಳು ಕೂರಲಿಲ್ಲ.

“ನಿಮ್ ರೂಲು ಗೊತ್ತು ಅಂಕಲ್. ಆದ್ರೂ ಕೇಳ್ತಿದೀನಿ. ಅವನು ಇಲ್ಲಿ ಬಂದು ಕೂತಿದ್ದು ಎರಡನೇ ಸುತ್ತಿಗಿಂತ ಮೊದ್ಲೇನಾ?”

“ಮೊದ್ಲೇ ಕಣಮ್ಮಾ.” ಇಷ್ಟು ಸುಲಭವಾಗಿ ಬಾಯಿಂದ ಹೊರಟಿತಲ್ಲ ಎಂದು ಅವನಿಗೇ ಅಚ್ಚರಿಯಾಯಿತು. “ಸಮಿತಿ ಮುಂದೆ ಬಂದು ಹೇಳ್ತೀನಿ. ಎಲ್ಲಿ ಕರೀತಾರೋ ಅಲ್ಲಿಗೆ ಬರ್ತೀನಿ.”

ಅವಳ ಮುಖದಲ್ಲಿ ಒಂದು ಕ್ಷಣ ಬೆಳಕು ಬಂತು. ಆಮೇಲೆ ಏನೋ ಲೆಕ್ಕ ಹಾಕುವವಳಂತೆ ನಿಂತಳು. ಅವಳು ಏನು ಕೂಡಿಸುತ್ತಿದ್ದಾಳೆಂದು ಭೈರೇಶನಿಗೆ ಗೊತ್ತಾಯಿತು. ತಡೆಯಲು ದಾರಿಯಿರಲಿಲ್ಲ.

“ನಾನು ಸೊಂಟದ ಹತ್ರ ಕೆತ್ತಿಸೋಕೆ ಬಂದ್ನಲ್ಲ, ಅದಕ್ಕೂ ಮೊದ್ಲಾ?”

“ಹೂಂ.”

ಪಕ್ಕದ ಶಾಪಿನಲ್ಲಿ ಯಂತ್ರ ನಿಂತಿತು, ಮತ್ತೆ ಶುರುವಾಯಿತು.

“ನಂಗೆ ಹೇಳ್ಲಿಲ್ಲ, ಅದು ನಿಮ್ ರೂಲು, ಒಪ್ತೀನಿ” ಎಂದಳು ವಚನಾ. “ಆದ್ರೆ ಅಷ್ಟು ಚೆನ್ನಾಗಿ ಯಾಕೆ ಕೆತ್ತಿದ್ರಿ ಅಂಕಲ್? ಅರ್ಧಂಬರ್ಧ ಮಾಡಿ ಕೊಟ್ಟಿದ್ರೂ ನಂಗೆ ಅನುಮಾನ ಬರ್ತಿತ್ತು. ಇವತ್ತು ಕೆಲ್ಸ ಇದೆ, ನಾಳೆ ಬಾ ಅಂದಿದ್ರೂ ಬರ್ತಿತ್ತು. ನಾನು ನಿಮ್ ಕೈ ನೋಡಿ ತಾನೆ ಫೋನ್ ಮಾಡಿದ್ದು?”

“ನೋವಾಗ್ತಿದೆ ಅಂದ್ಯಲ್ಲಮ್ಮಾ” ಎಂದ ಭೈರೇಶ.

ಅವಳು ಅವನನ್ನೇ ನೋಡಿದಳು. ಸಿಟ್ಟಾಗಲಿಲ್ಲ. ಬ್ಯಾಗನ್ನು ಹೆಗಲಿಗೇರಿಸಿ, ವಿಚಾರಣೆಯ ದಿನ ಎಲ್ಲಿಗೆ ಬರಬೇಕೆಂದು ಹೇಳಿ ಹೋದಳು.

ವಿಚಾರಣೆ ನಡೆದದ್ದು ಒಂದು ಹೋಟೆಲಿನ ಮೀಟಿಂಗ್ ಹಾಲಿನಲ್ಲಿ. ಭೈರೇಶ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೋಗಿದ್ದ. ತಂಡದ ಪರ ವಕೀಲರು, “ಗಿರಾಕಿಗಳ ಗುಟ್ಟು ಬಿಟ್ಟುಕೊಡೋದು ನಿಮ್ಮ ವೃತ್ತಿಗೆ ಸರೀನಾ?” ಎಂದು ಕೇಳಿದರು.

“ಸರಿಯಿಲ್ಲ ಸಾರ್” ಎಂದ. “ಬಿಟ್ಟುಕೊಡಬೇಕಾದಾಗ ಕೊಡ್ಲಿಲ್ಲ. ಈಗ ಕೊಡ್ತಾ ಇದೀನಿ.”

ಮಹದೇವ್ ಮೇಜಿನಾಚೆ ಫೋನ್ ನೋಡುತ್ತಾ ಕೂತಿದ್ದ. ತಂಡದ ಹೇಳಿಕೆ ಸುಳ್ಳೆಂದು ಸಮಿತಿ ತೀರ್ಮಾನಿಸಿತು. ತಂಡದ ಒಂದಿಷ್ಟು ಅಂಕ ಕಳೆದು ಛೀಮಾರಿ ಹಾಕಿತು. ಆದರೆ ಸೀಸನ್ ಅರ್ಧ ದಾಟಿದ್ದರಿಂದ ಚಾಲಕರನ್ನು ಬದಲಿಸುವುದು ತನ್ನ ಅಧಿಕಾರದಲ್ಲಿಲ್ಲ ಎಂದೂ ಬರೆಯಿತು. ಹೈದರಾಬಾದಿನವರು ಅಷ್ಟರಲ್ಲಿ ಬೇರೊಬ್ಬನನ್ನು ತೆಗೆದುಕೊಂಡಿದ್ದರು. ಮಿಂಚು ತಂಡ ಭೈರೇಶನ ಶೆಡ್ಡಿಗೆ ಮತ್ತೆ ಬರಲಿಲ್ಲ. ಅದರ ಹಿಂದೆ ಇನ್ನೆರಡು ತಂಡಗಳೂ ಬಿಟ್ಟುಹೋದವು. ಬಾಯಿಬಿಟ್ಟವನ ಹತ್ತಿರ ಯಾರು ಬರುತ್ತಾರೆ? ಈಗ ಅವನು ಹೆಚ್ಚಾಗಿ ಮಾಡುವುದು ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಪ್ರಾಜೆಕ್ಟಿಗೆಂದು ಕಟ್ಟುವ ಕಾರಿನ ಸೀಟುಗಳನ್ನು. ಆಗೊಮ್ಮೆ ಈಗೊಮ್ಮೆ ದೊಡ್ಡ ತಂಡವೊಂದು ಫೋನ್ ಮಾಡಿದರೆ, ದಿನ ಗೊತ್ತು ಮಾಡುವ ಮುಂಚೆ, “ಈಗ ಆ ಕಾರಲ್ಲಿ ಇರೋರಿಗೆ ವಿಷ್ಯ ಗೊತ್ತಾ?” ಎಂದು ಕೇಳುತ್ತಾನೆ. ಅರ್ಧಕ್ಕರ್ಧ ಫೋನುಗಳು ಅಲ್ಲಿಗೇ ಮುಗಿಯುತ್ತವೆ.

ಸಮಿತಿಯ ತೀರ್ಪು ಬಂದ ದಿನ ಹೋಟೆಲಿನ ಮೆಟ್ಟಿಲ ಮೇಲೆ ವಚನಾ ಸಿಕ್ಕಿದ್ದಳು. ಜೊತೆಗಿದ್ದ ಶಿವಕಿರಣ್ ಭೈರೇಶನ ಎರಡೂ ಕೈ ಹಿಡಿದು, “ನೀವು ಬಂದಿದ್ದು ದೊಡ್ಡದು ಸ್ವಾಮಿ” ಎಂದರು. ಮಗಳು ತಂದೆಗೆ ಸೀಟು ಕೆತ್ತಿದ ಕಥೆ ಹೇಳಿಲ್ಲ ಎಂದು ಅವರ ಹಿಡಿತದಲ್ಲೇ ಭೈರೇಶನಿಗೆ ತಿಳಿಯಿತು. ಅವರು ಕಾರು ತರಲು ಹೋದರು.

“ಮುಂದೇನಮ್ಮಾ?” ಎಂದು ಕೇಳಿದ.

“ಹೊಸೂರ್ ಹತ್ರ ಒಂದು ಟೈರ್ ಕಂಪನೀಲಿ ಟೆಸ್ಟ್ ಡ್ರೈವರ್ ಕೆಲ್ಸ ಸಿಕ್ಕಿದೆ ಅಂಕಲ್. ಮುಂದಿನ ತಿಂಗಳು ಸೇರ್ಕೋತೀನಿ.”

“ಒಳ್ಳೇದಾಯ್ತು. ಹೋಗೋಕ್ ಮುಂಚೆ ಶಾಪಿಗೆ ಬಾ. ಒಂದು ಸೀಟ್ ಮಾಡ್ಕೊಡ್ತೀನಿ. ಚೆನ್ನಾಗಿ ಮಾಡ್ಕೊಡ್ತೀನಿ.”

ವಚನಾ ಬೇಡವೆಂಬಂತೆ ತಲೆಯಾಡಿಸಿದಳು. ಚುಚ್ಚಬೇಕೆಂದು ಹೇಳಲಿಲ್ಲ, ಗೊತ್ತಿಲ್ಲದವರಿಗೆ ವಿಳಾಸ ತಿಳಿಸುವಷ್ಟು ಮೆಲ್ಲಗೆ ಹೇಳಿದಳು.

“ಅವೆಲ್ಲ ರೋಡ್ ಕಾರುಗಳು ಅಂಕಲ್. ಸೀಟು ಕಾರಿನ ಜೊತೇಲೇ ಬರುತ್ತೆ. ಯಾರ್ ಬೇಕಾದ್ರೂ ಕೂರಬಹುದು.”