ಹಳ್ಳದ ತನಕ ಬಂದ ದಾರಿ

ಹೀರಾಬಾಯಿ ಗ್ರಾಮಸಭೆಗೆ ಬಂದಳೆಂದರೆ ಮುಂದಿನ ಸಾಲಿನವರು ಮುಸಿಮುಸಿ ನಗುತ್ತಿದ್ದರು. ಆಕೆ ಏನು ಹೇಳುತ್ತಾಳೆಂದು ಊರಿಗೆಲ್ಲ ಗೊತ್ತು. ಸೊಸೆಯಾಗಿ ಈ ಊರಿಗೆ ಬಂದಾಗಿನಿಂದ ಆಕೆಯ ತಕರಾರು ಒಂದೇ: ಹೊಲಕ್ಕೆ ದಾರಿ ಇಲ್ಲ.

ಸೇಡಂ ತಾಲೂಕಿನಲ್ಲಿ, ಮುಧೋಳದಿಂದ ಆಚೆ, ಬಸ್ಸು ವಾಪಸು ತಿರುಗುವ ಕೊನೆಯ ಊರದು. ಅರ್ಧ ಊರಿನ ಹೊಲಗಳು ಹಳ್ಳದ ಆಚೆಗಿವೆ. ಎಲ್ಲವೂ ಎರೆ ಭೂಮಿ, ತೊಗರಿಗೆ ಹೇಳಿ ಮಾಡಿಸಿದ ಮಣ್ಣು. ಆದರೆ ನಾಲ್ಕು ಹನಿ ಬಿದ್ದರೆ ಬಂಡಿದಾರಿಯೆಲ್ಲ ರಾಡಿ. ಹಳ್ಳ ದಾಟುವಲ್ಲಂತೂ ಟ್ರ್ಯಾಕ್ಟರಿನ ಗಾಲಿ ಅರ್ಧ ಮುಳುಗುತ್ತದೆ. ಬೀಜ, ಗೊಬ್ಬರ, ಬುತ್ತಿ ಎಲ್ಲ ಹೋಗುವುದು ಹೆಂಗಸರ ತಲೆಯ ಮೇಲೆ. ರಾಶಿಯಾದ ಕಾಳು ಬರುವುದೂ ಹಾಗೆಯೇ. ಹೀರಾಬಾಯಿಯ ಗಂಡ ಬಸವಂತರಾಯ ರಾವೂರ ಕಡೆ ಕಲ್ಲಿನ ಖಣಿಗೆ ದುಡಿಯಲು ಹೋಗಿ ವಾರಕ್ಕೊಮ್ಮೆ ಮನೆಗೆ ಬರುವವ. ಹೊಲದ ಜವಾಬ್ದಾರಿ ಪೂರಾ ಈಕೆಯದು. ಅವನದು 'ಹೋಗ್ಲಿ ಬಿಡು' ಎನ್ನುವ ಸ್ವಭಾವ. ಈಕೆ ಬಿಡುವ ಪೈಕಿಯವಳಲ್ಲ.

ಕೃಷಿ ಅಭಿವೃದ್ಧಿಗೆಂದು ದೊಡ್ಡ ಅನುದಾನ ಬಂದ ವರ್ಷ, ಯಾವ ಕೆಲಸ ಮೊದಲಾಗಬೇಕೆಂದು ಊರವರೇ ಹೇಳಬೇಕೆಂಬ ಹುಕುಂ ಮೇಲಿನಿಂದ ಬಂತು. ಆ ಸಭೆಯಲ್ಲಿ ಹೀರಾಬಾಯಿ ಸೆರಗು ಬಿಗಿದುಕೊಂಡು ಎದ್ದು ನಿಂತಳು.

"ಮೊದಲ ಹೊಲಕ್ಕ ದಾರಿ ಮಾಡ್ರಿ. ಉಳಿದದ್ದೆಲ್ಲ ಆಮ್ಯಾಲ ನೋಡೋಣು."

ಪಂಚಾಯತಿ ಅಧ್ಯಕ್ಷ ಅರುಣಕುಮಾರ ಆಕೆಯ ಓಣಿಯವನೇ, ವರಸೆಯಲ್ಲಿ ಆಕೆ ಅವನಿಗೆ ಕಾಕಿ, ಚಿಕ್ಕಮ್ಮ. "ಕಾಕಿ, ದಾರಿ ಯಾರು ಬೇಕಾದ್ರೂ ಮಾಡ್ತಾರ. ಸರ್ಕಾರಕ್ಕ ಏನರೆ ಹೊಸಾದು ತೋರಸ್ಬೇಕು. ನಾವು ತಂಪು ಗೋದಾಮು ಕಟ್ಟಸ್ತೀವಿ," ಎಂದ.

"ಅದರಾಗ ಏನಿಡ್ತಿ ತಮ್ಮಾ?"

"ಕಾಯಿಪಲ್ಲೆ, ಹಣ್ಣು."

"ಯಾರ ಹೊಲದಾಗ ಬೆಳೆದದ್ದು?"

ಸಭೆ ನಕ್ಕಿತು. ಅರುಣಕುಮಾರನೂ ನಕ್ಕ. ನಗುನಗುತ್ತಲೇ ಗೋದಾಮಿನ ಠರಾವು ಪಾಸಾಯಿತು. ತೊಗರಿ, ಹೆಸರು, ಉದ್ದು ಬಿಟ್ಟರೆ ಬೇರೆ ಬೆಳೆ ಗೊತ್ತಿಲ್ಲದ ಊರಿಗೆ ತಂಪು ಗೋದಾಮು. ಉದ್ಘಾಟನೆಯಾದ ಮೇಲೆ ಅದರೊಳಗೆ ತಂಪಾದದ್ದು ಅಧ್ಯಕ್ಷನ ತಂಗಿಯ ಮದುವೆಯ ಸೋಡಾ ಬಾಟಲಿಗಳು ಮಾತ್ರ. ಆಮೇಲೆ ಕರೆಂಟು ಬಿಲ್ಲಿಗೆ ದಿಕ್ಕಿಲ್ಲದೆ ಬಾಗಿಲಿಗೆ ಬೀಗ ಬಿತ್ತು. ತಲೆಹೊರೆ ಹೊತ್ತು ಅದರ ಮುಂದೆ ಹಾದುಹೋಗುವವರ ಹೊಟ್ಟೆ ಉರಿಯದೇ ಇರುತ್ತದೆಯೇ? ಹೀರಾಬಾಯಿ ಆ ಕಡೆ ನೋಡುವುದನ್ನೇ ಬಿಟ್ಟಳು.

ಈ ಸಲ ತೊಗರಿ ಭರ್ತಿ ಬಂದಿತ್ತು. ಕೊಯ್ದು ಹೊಲದಲ್ಲೇ ಬಣವೆ ಹಾಕಿದ್ದಳು. ಅಷ್ಟರಲ್ಲಿ ಅಕಾಲದ ಮೋಡ ಕವಿದು ಜಿಟಿಜಿಟಿ ಮಳೆ ಹಿಡಿಯಿತು. ತಾಡಪತ್ರಿ ಹೊದಿಸಿದ್ದರೂ ಕೆಳಗಿನ ಸಿವುಡುಗಳು ತೇವ ಕುಡಿದವು. ಮಳೆ ನಿಂತರೂ ಮೋಡ ಸರಿಯಲಿಲ್ಲ. ಬೇಗನೆ ಕಾಳು ಬಿಡಿಸಿ ರಾಶಿ ಮಾಡದಿದ್ದರೆ ಕಾಯಿಯೊಳಗೇ ಕಾಳು ಮೊಳೆಯುತ್ತದೆ, ವರ್ಷದ ದುಡಿತ ಗೊಬ್ಬರವಾಗುತ್ತದೆ. ರಾಶಿ ಯಂತ್ರದವನು ಹಳ್ಳದ ತನಕ ಬಂದು, ಬಗ್ಗಿ ನೋಡಿ, ತಲೆ ಅಲ್ಲಾಡಿಸಿದ. "ಅಲ್ಲಿ ಸಿಕ್ಕೊಂಡ್ರ ನನ್ನ ಮಷೀನ್ ಯಾರು ಎಳೀತಾರ್ರಿ? ದಾರಿ ಒಣಗ್ಲಿ, ಬರ್ತೀನಿ," ಎಂದು ವಾಪಸು ಹೋದ.

ಅದೇ ವಾರ ಊರಲ್ಲಿ ಗಡಿಬಿಡಿ ಎದ್ದಿತು. ಅನುದಾನದ ಕೆಲಸ ನೋಡಲು ಬೆಂಗಳೂರಿನಿಂದ ದೊಡ್ಡ ಸಾಹೇಬರು ಬರುತ್ತಾರಂತೆ. ಗೋದಾಮಿಗೆ ಸುಣ್ಣಬಣ್ಣವಾಯಿತು. ಅಧ್ಯಕ್ಷನ ಅಣ್ಣನ ಹೊಲದಲ್ಲಿದ್ದ ಒಂದಿಷ್ಟು ಪಪ್ಪಾಯಿ ಗಿಡಗಳ ಮುಂದೆ 'ಮಾದರಿ ತೋಟ' ಎಂಬ ಬೋರ್ಡು ನಿಂತಿತು. ಆ ಹೊಲ ಹಳ್ಳದ ಈಚೆ ದಂಡೆಗೇ ಇದೆ. ಸಾಹೇಬರು ಬರುವ ದಿನ ಬೆಳಿಗ್ಗೆ ಹೀರಾಬಾಯಿ ತೊಗರಿ ನೋಡಲು ಹೊರಟರೆ, ಟಿಪ್ಪರುಗಳು ಸಾಲಾಗಿ ನಿಂತು ದಾರಿ ಗಟ್ಟಿ ಮಾಡುವ ಮುರುಮು ಮಣ್ಣು ಸುರಿಯುತ್ತಿದ್ದವು. ಹಿಂದೆಯೇ ರೋಲರ್ ಓಡಾಡಿತು. ಮಧ್ಯಾಹ್ನದೊಳಗೆ ಊರಿನಿಂದ ಪಪ್ಪಾಯಿಯ ಬೋರ್ಡಿನ ತನಕ ಗಟ್ಟಿ ಕೆಂಪು ದಾರಿ ಸಿದ್ಧವಾಗಿ, ಹಳ್ಳದ ದಂಡೆಗೆ ಬಂದು ನಿಂತುಬಿಟ್ಟಿತು.

ಸಾಹೇಬರು ಕಾರಿನಲ್ಲಿ ಬಂದರು, ಪಪ್ಪಾಯಿ ತಿಂದರು, ಫೋಟೋ ತೆಗೆಸಿಕೊಂಡರು, ಊಟಕ್ಕೆಂದು ಪಂಚಾಯತಿಗೆ ಹೊರಟರು. ಹಳ್ಳದ ಆಚೆ ಏನಿದೆ ಎಂದು ಕೇಳುವಷ್ಟು ಪುರುಸೊತ್ತು ಅವರಿಗಿರಲಿಲ್ಲ.

ಉಳಿದ ಮುರುಮು ಹೊತ್ತ ಎರಡು ಟಿಪ್ಪರುಗಳು ಊರ ಕಡೆ ತಿರುಗಿದವು. ಹೀರಾಬಾಯಿ ಹೋಗಿ ದಾರಿಯ ನಡುವೆ ಕುಳಿತುಬಿಟ್ಟಳು. ಮುಂದಿನ ಟಿಪ್ಪರಿನ ಡ್ರೈವರ್ ದಶರಥ ಕಿಟಕಿಯಿಂದ ತಲೆ ಹೊರಹಾಕಿದ.

"ಯವ್ವಾ, ಸರೀರಿ. ಈ ಮಾಲು ಗೋದಾಮಿನ ಅಂಗಳಕ್ಕ ಒಯ್ಯಬೇಕ್ರಿ."

"ಅಲ್ಲಿ ಯಾರ ಬಂಡಿ ಸಿಕ್ಕೊಂಡದ?"

"ನನಗೇನು ಗೊತ್ರಿ. ಅಧ್ಯಕ್ಷರು ಹೇಳ್ಯಾರ."

"ಹಂಗಾದ್ರ ಅಧ್ಯಕ್ಷನ್ನೇ ಕರಿ. ನಾ ಏಳಂಗಿಲ್ಲ."

ಪಕ್ಕದ ಹೊಲದ ಲಕ್ಷ್ಮಿ ಬಂದು ಆಕೆಯ ಬಗಲಿಗೆ ಕುಳಿತಳು. ಹಳ್ಳದಾಚೆ ಹೊಲವಿದ್ದ ಹೆಂಗಸರು ಒಬ್ಬೊಬ್ಬರಾಗಿ ಸೇರಿದರು. ಅರುಣಕುಮಾರ ಮೋಟರ್ ಸೈಕಲ್ ಮೇಲೆ ಓಡಿ ಬಂದ. ಬಂದವನೇ ದನಿ ತಗ್ಗಿಸಿದ.

"ಕಾಕಿ, ಊರ ಮರ್ಯಾದಿ ಕಳೀಬ್ಯಾಡ. ಸಾಹೇಬ್ರು ಊಟ ಮಾಡಾಕತ್ತಾರ."

"ಮಾಡ್ಲಿ, ಹೊಟ್ಟಿ ತುಂಬ ಮಾಡ್ಲಿ. ಅವರ ತಾಟಿನ್ಯಾಗಿನ ಬ್ಯಾಳಿ ಯಾವ ದಾರೀಲಿ ಬಂತು ಅಂತ ನಾವೆಲ್ಲ ಹೋಗಿ ಹೇಳಿ ಬರ್ತೀವಿ. ನಡಿ."

ಅರುಣಕುಮಾರ ಪಂಚಾಯತಿ ಕಡೆ ಒಮ್ಮೆ ನೋಡಿದ, ಹೆಂಗಸರ ಕಡೆ ಒಮ್ಮೆ ನೋಡಿದ. ಆಮೇಲೆ ಆಕೆಯ ಮುಖ ನೋಡದೆಯೇ ದಶರಥನಿಗೆ ಹಳ್ಳದ ಕಡೆ ಕೈ ತೋರಿಸಿ ಹೊರಟುಹೋದ.

ಎರಡೂ ಟಿಪ್ಪರುಗಳು ಹಳ್ಳದ ರಾಡಿಗೆ ಮುರುಮು ಸುರಿದವು. ಹೆಂಗಸರು ಸಲಿಕೆ ಬುಟ್ಟಿ ತಂದು ಹರವಿದರು, ಕಲ್ಲು ಹೊತ್ತು ಹಾಕಿದರು, ತುಳಿದು ಗಟ್ಟಿ ಮಾಡಿದರು. ಹೇಳಿ ಕಳಿಸಿದ ಮೇಲೆ ಇಳಿಹೊತ್ತಿಗೆ ರಾಶಿ ಯಂತ್ರ ಬಂತು. ಗಾಲಿ ಸ್ವಲ್ಪ ಇಳಿಯಿತು, ಮತ್ತೆ ಎದ್ದಿತು, ದಾಟಿತು. ದಂಡೆಯ ಮೇಲಿದ್ದವರು ಕೇಕೆ ಹಾಕಿದರು. ಬಣವೆಯ ತಳ ಹಾಳಾಗಿತ್ತು, ಮೇಲಿನದು ಉಳಿಯುವಂತಿತ್ತು.

ಹೀರಾಬಾಯಿ ಮಾತ್ರ ದಂಡೆಯ ಮೇಲೆ ಕುಸಿದು ಕುಳಿತು ಅಳುತ್ತಿದ್ದಳು. ಅದು ಸಿಟ್ಟಿನ ಅಳು.

"ಯಾಕಕ್ಕಾ, ಮಷೀನ್ ದಾಟ್ತಲ್ಲ," ಎಂದಳು ಲಕ್ಷ್ಮಿ.

ಹೀರಾಬಾಯಿ ತಲೆಯ ಮೇಲಿನ ಸೆರಗು ಸರಿಸಿ ತೋರಿಸಿದಳು. ಹೊರೆ ಹೊತ್ತು ಹೊತ್ತು ನೆತ್ತಿಯ ಕೂದಲು ಉದುರಿ ಬೋಳಾಗಿತ್ತು.

"ಎರಡೇ ಟಿಪ್ಪರ್ ಮಣ್ಣು, ಲಕ್ಷ್ಮಿ," ಎಂದಳು. "ಇಷ್ಟು ವರ್ಷ ಅವರು ನನಗ ಕೊಡಲಾರದ್ದು, ಎರಡೇ ಟಿಪ್ಪರ್ ಮಣ್ಣು."